ಹಗ್ಗ, ಬೇರು, ಹತ್ತು ವಯಲ್

ನಮ್ಮ ಕಡೆ ಯಾರಿಗಾದರೂ ಹಾವು ಕಚ್ಚಿತೆಂದರೆ ಮೊದಲು ಶುರುವಾಗುತ್ತಿದ್ದುದು ಹಗ್ಗ ಹುಡುಕುವ ಗಲಾಟೆ. ಕೊಟ್ಟಿಗೆಯಲ್ಲಿ ಕರು ಕಟ್ಟುವ ಕಣ್ಣಿ, ಬಾವಿಹಗ್ಗದ ತುಂಡು, ಬಾಳೆಪಟ್ಟೆಯ ನಾರು, ಏನೂ ಸಿಗದಿದ್ದರೆ ಉಟ್ಟ ಪಂಚೆಯಿಂದಲೇ ಹರಿದ ಅಂಚು. ಕಚ್ಚಿದ ಜಾಗದಿಂದ ಗೇಣು ಮೇಲೆ ಒಂದು ಕಟ್ಟು, ಮಂಡಿಯ ಮೇಲೆ ಇನ್ನೊಂದು. ಕಟ್ಟುವವನ ತೋಳಲ್ಲಿ ಎಷ್ಟು ಬಲವೋ ಅಷ್ಟು ಬಿಗಿ. ಅದೂ ಸಾಲದೆಂದು ನಡುವೆ ಸಣ್ಣ ಕೋಲು ತೂರಿಸಿ ತಿರುಚುತ್ತಿದ್ದರು. ವಿಷ ಎದೆಗೆ ಏರಬಾರದು, ಅಷ್ಟೇ ಲೆಕ್ಕ. ಇದು 1970ರ ದಶಕದ ಮಾತು, ತೀರ್ಥಹಳ್ಳಿ ತಾಲೂಕಿನ ಮಾತು. ಅಡಿಕೆ ತೋಟ, ಗದ್ದೆ, ಸೊಪ್ಪಿನ ಬೆಟ್ಟ ಮೂರೂ ಒತ್ತಿಕೊಂಡಿರುವ ಊರುಗಳಲ್ಲಿ ಹಾವು ಅಪರೂಪದ ಪ್ರಾಣಿಯಲ್ಲ.

ನಮ್ಮ ತೋಟದ ಕೆಳಗಿನ ಮನೆಯವರೊಬ್ಬರಿಗೆ ಸಂಜೆ ಹುಲ್ಲು ಕೊಯ್ಯುವಾಗ ಹಿಮ್ಮಡಿಗೆ ಕೊಳಕುಮಂಡಲ ಕಚ್ಚಿತ್ತು. ಕಟ್ಟಿದ ಹಗ್ಗವನ್ನು ರಾತ್ರಿಯಿಡೀ ಬಿಚ್ಚಲಿಲ್ಲ. ಬಿಚ್ಚಬಾರದೆಂದು ಹೇಳಿದವರ ಮಾತನ್ನು ಮೀರುವವರು ಯಾರೂ ಇರಲಿಲ್ಲ. ಬೆಳಗಾಗುವಾಗ ಹಗ್ಗದ ಕೆಳಗಿನ ಕಾಲು ಬೀಗಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಶಿವಮೊಗ್ಗದಲ್ಲಿ ಮಂಡಿಯ ಕೆಳಗೆ ಕತ್ತರಿಸಿದರು. ಆಮೇಲೆ ಅವರು ಬಹಳ ವರ್ಷ ಬದುಕಿದರು, ಒಂದೇ ಕಾಲಲ್ಲಿ ಕುಳಿತು ಅಡಿಕೆ ಸುಲಿಯುತ್ತಿದ್ದರು. ಹಾವು ಕಾಲು ತಿಂದಿತು ಎಂದೇ ಊರು ಹೇಳಿತು. ಕಾಲು ಹೋದುದರಲ್ಲಿ ಹಗ್ಗದ ಪಾಲೂ ದೊಡ್ಡದೇ ಇತ್ತು. ಮಂಡಲದ ಹಾವಿನ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸುವಂಥದ್ದು. ಅದನ್ನು ಅಲ್ಲೇ ಕಟ್ಟಿ ನಿಲ್ಲಿಸಿ, ಮೇಲಿಂದ ಬರುವ ರಕ್ತವನ್ನೂ ತಡೆದರೆ ಕಾಲಿಗೆ ಉಳಿಯಲು ದಾರಿಯೇ ಇಲ್ಲ. ನಾಗರಹಾವಿನದು ಬೇರೆ ಅಪಾಯ: ಬಿಗಿದ ಕಟ್ಟನ್ನು ಒಮ್ಮೆಗೇ ಸಡಿಲಿಸಿದರೆ ತಡೆದಿಟ್ಟ ವಿಷವೆಲ್ಲ ನುಗ್ಗಿ ಉಸಿರು ನಿಲ್ಲಬಹುದು. ಅದಕ್ಕೇ ಈಗಿನ ವೈದ್ಯರು ಹಗ್ಗ ಕಟ್ಟಿಕೊಂಡು ಬಂದವರನ್ನು ಮಲಗಿಸಿ, ಮದ್ದಿನ ಡ್ರಿಪ್ ಏರಿಸಿ, ಉಸಿರಾಟದ ಸಾಮಾನು ಪಕ್ಕದಲ್ಲಿಟ್ಟುಕೊಂಡು ನಿಧಾನಕ್ಕೆ ಬಿಚ್ಚುತ್ತಾರೆ.

ಹಗ್ಗ ಕಟ್ಟಿಯಾದ ಮೇಲೆ ಹೋಗುತ್ತಿದ್ದುದು ಪಂಡಿತರ ಮನೆಗೆ. ನಮ್ಮೂರಿನಿಂದ ಒಂದು ಹಳ್ಳ ದಾಟಿದರೆ ಅವರ ಮನೆ. ರಾತ್ರಿ ಎಷ್ಟು ಹೊತ್ತಿಗೆ ಹೋಗಿ ಅಂಗಳದಲ್ಲಿ ನಿಂತು "ಪಂಡಿತ್ರೇ, ಹುಳ ಮುಟ್ಟಿದೆ" ಎಂದು ಕೂಗಿದರೂ ಲಾಟೀನು ಹಿಡಿದು ಹೊರಗೆ ಬರುತ್ತಿದ್ದರು. ಮೊದಲು ಬೇವಿನ ಎಲೆ ಕೊಟ್ಟು ಅಗಿಯಲು ಹೇಳುವರು, ಆಮೇಲೆ ಕಾಳುಮೆಣಸು. ಕಹಿ ತಿಳಿಯದಿದ್ದರೆ, ಖಾರ ಹತ್ತದಿದ್ದರೆ ವಿಷ ಏರಿದೆಯೆಂದು ಅರ್ಥ. ಈಶ್ವರಿ ಬೇರನ್ನು ಸಾಣೆಕಲ್ಲಿನಲ್ಲಿ ತೇಯ್ದು ಕುಡಿಸಿ, ಉಳಿದದ್ದನ್ನು ಗಾಯಕ್ಕೆ ಹಚ್ಚುವರು. ಬಾಯಲ್ಲಿ ಮಂತ್ರ ನಡೆಯುತ್ತಲೇ ಇರುತ್ತಿತ್ತು. ದುಡ್ಡು ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ವಿದ್ಯೆ ಕೈಬಿಡುತ್ತದೆ ಎಂಬುದು ಅವರ ಗುರುವಿನ ಕಟ್ಟಳೆಯಂತೆ.

ಅವರ ಕೈಯಲ್ಲಿ ಬದುಕಿದವರು ಬೇಕಾದಷ್ಟು ಜನ ಇದ್ದರು. ಅದು ಸುಳ್ಳಲ್ಲ. ನಮ್ಮ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷವೇ ಇಲ್ಲ. ವಿಷದ ಹಾವೂ ಎಷ್ಟೋ ಸಲ ಹಲ್ಲು ಊರಿ ವಿಷ ಬಿಡದೆ ಹೋಗುತ್ತದೆ. ಹೀಗೆ ಬದುಕಿಯೇ ಬದುಕುತ್ತಿದ್ದವರೆಲ್ಲ ಬೇರಿನ ಖಾತೆಗೆ ಜಮೆಯಾದರು. ಸತ್ತವರ ವಿಷಯದಲ್ಲಿ ಹೊತ್ತು ಮೀರಿತ್ತು, ನಕ್ಷತ್ರ ಸರಿಯಿರಲಿಲ್ಲ, ದಾರಿಯಲ್ಲಿ ಯಾರೋ ಮಾತಾಡಿಸಿದರು. ಈಶ್ವರಿ ಬೇರಿನಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದೆ, ಅದು ಮೂತ್ರಪಿಂಡವನ್ನೇ ಕೆಡಿಸುವ ವಸ್ತು ಎಂದು ಗೊತ್ತಾದದ್ದು ತೀರ ಈಚೆಗೆ. ಕೊಳಕುಮಂಡಲ ಕಚ್ಚಿದವರಿಗೆ ಮೂತ್ರಪಿಂಡ ಮೊದಲೇ ಸೋಲುತ್ತಿರುತ್ತದೆ. ಅಂಥವರಿಗೆ ಲೋಟಗಟ್ಟಲೆ ಅದನ್ನು ಕುಡಿಸಿದ್ದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಆದರೂ ಆ ಪಂಡಿತರನ್ನು ಮೂಢರೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರ ಜೊತೆ ನಾನಿಲ್ಲ. ವಿಷವನ್ನು ಅರಿಯುವ ಹಂಬಲ ಕನ್ನಡದಲ್ಲಿ ಹಳೆಯದು. 14ನೇ ಶತಮಾನದಲ್ಲಿಯೇ ಮಂಗರಾಜ 'ಖಗೇಂದ್ರಮಣಿದರ್ಪಣ'ವೆಂಬ ವಿಷವೈದ್ಯದ ಗ್ರಂಥವನ್ನು ಪದ್ಯದಲ್ಲಿ ಬರೆದಿದ್ದ. ಅದಕ್ಕಿಂತ ಮುಖ್ಯವಾದ ಮಾತು ಬೇರೆ ಇದೆ. ಪಂಡಿತರು ಹತ್ತಿರದಲ್ಲಿದ್ದರು. ಶಿವಮೊಗ್ಗ ತೀರ್ಥಹಳ್ಳಿಯಿಂದಲೇ 60 ಕಿಲೋಮೀಟರ್. ತೀರ್ಥಹಳ್ಳಿ ಮುಟ್ಟಬೇಕಾದರೆ ಮಳೆಗಾಲದಲ್ಲಿ ಮೊದಲು ಹಳ್ಳ ಇಳಿಯಬೇಕು, ಕಂಬಳಿಯ ಜೋಲಿ ಕಟ್ಟಿ ರೋಗಿಯನ್ನು ಹೊತ್ತು ಟಾರು ರಸ್ತೆಗೆ ತರಬೇಕು, ಜೀಪು ಇದ್ದ ಸಾಹುಕಾರರ ಮನೆಗೆ ಆಳು ಓಡಬೇಕು. ಇಷ್ಟೆಲ್ಲ ಆಗಿ ಆಸ್ಪತ್ರೆ ಮುಟ್ಟಿದರೂ ಅಲ್ಲಿ ಮದ್ದು ಇದ್ದೀತೆಂಬ ಭರವಸೆ ಇರಲಿಲ್ಲ. ಹಾವಿನ ವಿಷಕ್ಕೆ ಮದ್ದನ್ನು ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ 1890ರ ದಶಕದಲ್ಲಿಯೇ ಮಾಡಿ ತೋರಿಸಿದ್ದ. ಆಮೇಲೆ ಕಸೌಲಿಯಲ್ಲಿ, ಮುಂಬೈಯ ಹಾಫ್‌ಕಿನ್ ಸಂಸ್ಥೆಯಲ್ಲಿ ಕುದುರೆಗಳಿಗೆ ಸ್ವಲ್ಪಸ್ವಲ್ಪವೇ ವಿಷ ಚುಚ್ಚಿ, ಅವುಗಳ ರಕ್ತದಿಂದ ಮದ್ದು ತೆಗೆಯುತ್ತಿದ್ದರು. ಅದು ನಮ್ಮ ಹಳ್ಳದ ಈಚೆ ದಡಕ್ಕೆ ಬರಲು ಇನ್ನೂ ಬಹಳ ವರ್ಷ ಹಿಡಿಯಿತು. ಜನ ಪಂಡಿತರಲ್ಲಿಗೆ ಹೋದದ್ದು ನಂಬಿಕೆಯಿಂದ ಎಷ್ಟೋ, ಬೇರೆ ಬಾಗಿಲೇ ಇಲ್ಲದ್ದರಿಂದಲೂ ಅಷ್ಟೇ.

ನಮ್ಮ ಪಕ್ಕದ ಮನೆಯ ಹುಡುಗಿಯೊಬ್ಬಳು ನನಗಿಂತ ಒಂದೆರಡು ವರ್ಷ ದೊಡ್ಡವಳು. ಜಗುಲಿಯಲ್ಲಿ ಚಾಪೆ ಹಾಸಿ ಎಲ್ಲರ ಜೊತೆ ಮಲಗಿದ್ದಳು. ಬೆಳಗಿನ ಜಾವ ಹೊಟ್ಟೆ ನುಲಿಯುತ್ತದೆ ಎಂದು ಎದ್ದಳು. ಹಿಂದಿನ ದಿನ ಹಲಸಿನ ಹಣ್ಣು ತಿಂದಿದ್ದಳು, ಅಜೀರ್ಣವೆಂದು ಜೀರಿಗೆ ಕಷಾಯ ಕೊಟ್ಟರು. ಬಿಸಿಲು ಅಂಗಳಕ್ಕೆ ಬರುವ ಹೊತ್ತಿಗೆ ಕಣ್ಣುರೆಪ್ಪೆ ಜೋತುಬಿದ್ದವು. "ಅಮ್ಮಾ, ಕಣ್ಣು ಬಿಡೋಕ್ಕಾಗ್ತಿಲ್ಲ" ಎಂದಳಂತೆ. ಆಮೇಲೆ ಮಾತು ತೊದಲಿತು, ಎಂಜಲು ನುಂಗಲಾಗಲಿಲ್ಲ. ಗಾಳಿ ಸೋಕಿದೆ ಎಂದರು ಕೆಲವರು. ಮೈಮೇಲೆ ಎಲ್ಲೂ ಗಾಯವಿಲ್ಲ, ಊತವಿಲ್ಲ. ಮಧ್ಯಾಹ್ನದೊಳಗೆ ಹೋಗಿಬಿಟ್ಟಳು. ಚಾಪೆ ಮಡಚುವಾಗ ಅದರಡಿಯಿಂದ ಕಟ್ಟುಹಾವು ಸರಿದು ಗೋಡೆಯ ಬಿರುಕಿಗೆ ಸೇರಿತು.

ಹೊಟ್ಟೆನೋವು, ಜೋಲುವ ರೆಪ್ಪೆ, ಗುರುತಿಲ್ಲದ ಗಾಯ ಎಂಬ ಈ ವಿವರವೆಲ್ಲ ಇಂದು ಯಾವ ವೈದ್ಯಕೀಯ ಪುಸ್ತಕ ತೆರೆದರೂ ಕಟ್ಟುಹಾವಿನ ಪುಟದಲ್ಲಿದೆ. ಅದು ರಾತ್ರಿ ತಿರುಗುವ ಹಾವು, ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲಿಯೇ ಕಚ್ಚುತ್ತದೆ. ಹಲ್ಲು ಎಷ್ಟು ಸಣ್ಣದೆಂದರೆ ಸೊಳ್ಳೆ ಕಚ್ಚಿದಷ್ಟೂ ತಿಳಿಯದಿರಬಹುದು. ಆ ಪುಟದಲ್ಲಿ ಇನ್ನೊಂದು ಸಂಗತಿಯೂ ಇದೆ. ಅದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಎದ್ದುಹೋದೆ. ಈ ವಿಷ ಸ್ನಾಯುಗಳಿಗೆ ಬರುವ ನರದ ಆಜ್ಞೆಯನ್ನು ಕಡಿಯುತ್ತದೆ, ಬುದ್ಧಿಯನ್ನು ಮುಟ್ಟುವುದಿಲ್ಲ. ಕಣ್ಣು ಮುಚ್ಚಿ, ಕೈಕಾಲು ಸೋತು, ಸತ್ತಂತೆ ಬಿದ್ದಿರುವವರಿಗೆ ಸುತ್ತಲಿನವರ ಮಾತು ಕೇಳಿಸುತ್ತಿರಬಹುದು. ಉಸಿರಾಟದ ಯಂತ್ರಕ್ಕೆ ಹಾಕಿ ಕಾದರೆ ಅವರು ಕೆಲವು ದಿನಗಳಲ್ಲಿ ಎದ್ದು ಕೂರುತ್ತಾರೆ. ಆ ಹುಡುಗಿಗೆ ಬೇಕಾಗಿದ್ದುದು ಉಸಿರಾಡಿಸುವ ಎರಡು ಕೈ. ಮಂತ್ರವಂತೂ ಅಲ್ಲ, ಆ ಘಳಿಗೆಯಲ್ಲಿ ಮದ್ದು ಕೂಡ ಎರಡನೆಯದು.

ಬದಲಾವಣೆ ಯಾವಾಗ ಬಂತು ಎಂದರೆ ನನ್ನ ಮಟ್ಟಿಗೆ ಮೊದಲು ಸೇತುವೆ ಬಂತು. ಹಳ್ಳಕ್ಕೆ ಸೇತುವೆ, ಆಮೇಲೆ ಮನೆಗೊಂದು ಬೈಕು, ಆಮೇಲೆ ಫೋನು. 2008ರ ಕೊನೆಗೆ 108ರ ಆಂಬುಲೆನ್ಸ್ ಶುರುವಾಯಿತು. ಹೊಸದರಲ್ಲಿ ನಮ್ಮವರು ಅದಕ್ಕೆ ಫೋನು ಮಾಡಲು ಹಿಂಜರಿಯುತ್ತಿದ್ದರು, ಸರಕಾರದ ವಾಹನ ನಮ್ಮ ಕಣಿವೆಗೆ ಎಲ್ಲಿ ಬಂದೀತು ಎಂದು. ಬಂತು. ತಾಲೂಕು ಆಸ್ಪತ್ರೆಗಳಲ್ಲಿ ಮದ್ದು ಕೂಡ ಸಿಗತೊಡಗಿತು, ಅದೂ ದುಡ್ಡಿಲ್ಲದೆ. ಪುಡಿಯ ರೂಪದಲ್ಲಿ ಬರುವ ಮದ್ದಿಗೆ ಫ್ರಿಜ್ ಕೂಡ ಬೇಕಿಲ್ಲ, ಆದ್ದರಿಂದ ಕರೆಂಟು ಕೈಕೊಡುವ ಊರುಗಳಲ್ಲಿಯೂ ಇಟ್ಟುಕೊಳ್ಳಬಹುದು. ಚೆನ್ನೈ ಹತ್ತಿರ 1978ರಲ್ಲಿ ಇರುಳ ಬುಡಕಟ್ಟಿನವರು ಕಟ್ಟಿಕೊಂಡ ಹಾವು ಹಿಡಿಯುವವರ ಸಹಕಾರ ಸಂಘ ಈ ಮದ್ದಿಗೆ ಬೇಕಾದ ವಿಷವನ್ನು ದೇಶಕ್ಕೆಲ್ಲ ಒದಗಿಸುತ್ತ ಬಂದಿದೆ. ನಮ್ಮ ಪಂಡಿತರಿಗೆ ಸಿಕ್ಕಷ್ಟು ಮರ್ಯಾದೆ ಈ ಇರುಳರಿಗೂ ಸಿಗಬೇಕಾಗಿತ್ತು.

ಕೆಲವು ವರ್ಷದ ಹಿಂದೆ ನಮ್ಮ ತೋಟದಲ್ಲಿ ಉದುರಡಿಕೆ ಹೆಕ್ಕುತ್ತಿದ್ದ ಹೆಂಗಸಿಗೆ ತರಗಿನಡಿಯಿದ್ದ ಕೊಳಕುಮಂಡಲ ಬಲಗೈಗೆ ಕಚ್ಚಿತು. ಹಗ್ಗ ಎಂದವರನ್ನು ನನ್ನ ಹೆಂಡತಿಯೇ ಗದರಿ ಸುಮ್ಮನಾಗಿಸಿದಳು. ಬೆರಳಿನ ಉಂಗುರ ತೆಗೆಸಿದೆವು. ಬಳೆ ತೆಗೆಯಲು ಆಕೆ ಒಪ್ಪಲಿಲ್ಲ. "ಮುತ್ತೈದೆ ಕೈ ಬರಿದು ಮಾಡ್ಬೇಡಿ ಅಮ್ಮಾ" ಎಂದು ಅತ್ತಳು. ಎಡಗೈಯವು ಇರಲಿ, ಇದೊಂದೇ ಕೈ ಎಂದು ಒಪ್ಪಿಸಿ ಸೋಪು ಹಚ್ಚಿ ಒಂದೊಂದಾಗಿ ಜಾರಿಸಿದಳು ನನ್ನ ಹೆಂಡತಿ. ಅಷ್ಟರಲ್ಲಿಯೇ ಮಣಿಕಟ್ಟು ಬೀಗತೊಡಗಿತ್ತು, ಇನ್ನು ಸ್ವಲ್ಪ ತಡವಾಗಿದ್ದರೆ ಬಳೆಗಳೇ ಹಗ್ಗದ ಕೆಲಸ ಮಾಡುತ್ತಿದ್ದವು. ಕೈಗೆ ಒಂದು ಅಡಿಕೆ ದಬ್ಬೆ ಕೊಟ್ಟು ಸಡಿಲವಾಗಿ ಬಟ್ಟೆ ಸುತ್ತಿ, ನಡೆಸದೆ ಎತ್ತಿಕೊಂಡು ಹೋಗಿ ಕಾರಿನಲ್ಲಿ ಕೂರಿಸಿದೆವು.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರು. ಅವರು ಮೊದಲು ಮಾಡಿದ್ದು ಒಂದು ಹೊಸ ಗಾಜಿನ ಟ್ಯೂಬಿಗೆ ಎರಡು ಎಂ.ಎಲ್. ರಕ್ತ ಹಾಕಿ ಮೇಜಿನ ಮೇಲಿಟ್ಟು, ಯಾರೂ ಮುಟ್ಟಬೇಡಿ ಎಂದು ಗಡಿಯಾರ ನೋಡಿದ್ದು. ಪ್ಲಾಸ್ಟಿಕ್ ಆಗದು, ಸೋಪಿನಲ್ಲಿ ತೊಳೆದ ಗಾಜೂ ಆಗದು, ಅಂಥದ್ದರಲ್ಲಿ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ತಪ್ಪು ಉತ್ತರ ಕೊಡುತ್ತದೆ. 20 ನಿಮಿಷವಾದ ಮೇಲೆ ಟ್ಯೂಬನ್ನು ಒಂದೇ ಸಲ ಬಾಗಿಸಿದರು. ರಕ್ತ ನೀರಿನ ಹಾಗೆ ಗೋಡೆಗುಂಟ ಹರಿಯಿತು. ಅಷ್ಟು ಹೊತ್ತಿಗೆ ಆಕೆಯ ಒಸಡಿನಲ್ಲಿಯೂ ರಕ್ತ ಕಾಣಿಸಿಕೊಂಡಿತ್ತು. ಡಾಕ್ಟರು ನರ್ಸಿಗೆ "ಹತ್ತು ವಯಲ್" ಎಂದರು. ಹತ್ತು ಏಕೆಂದು ಆಮೇಲೆ ಕೇಳಿದೆ. ಕೊಳಕುಮಂಡಲ ಒಂದು ಕಡಿತದಲ್ಲಿ ಸರಾಸರಿ 60 ಮಿಲಿಗ್ರಾಂನಷ್ಟು ವಿಷ ಬಿಡುತ್ತದೆ, ಒಂದು ವಯಲ್ ತಣಿಸುವುದು 6 ಮಿಲಿಗ್ರಾಂ. ಮಗುವಿಗಾದರೂ ಪ್ರಮಾಣ ಇದೇ. ಮಗುವೆಂದು ಹಾವೇನೂ ಕಡಿಮೆ ವಿಷ ಬಿಡುವುದಿಲ್ಲವಲ್ಲ. ನರ್ಸು ಪುಟ್ಟ ಬಾಟಲಿಗಳಿಗೆ ನೀರು ತುಂಬಿ, ಕುಲುಕದೆ ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸುತ್ತ ಪುಡಿ ಕರಗಿಸುತ್ತಿದ್ದರು. ಕುಲುಕಿದರೆ ನೊರೆ ಬಂದು ಮದ್ದು ಕೆಡುತ್ತದೆ. ಪಕ್ಕದ ತಟ್ಟೆಯಲ್ಲಿ ಅಡ್ರಿನಲಿನ್ ತುಂಬಿದ ಸಿರಿಂಜು ಸಿದ್ಧವಿತ್ತು. ಡ್ರಿಪ್ ಶುರುವಾಗಿ ಸ್ವಲ್ಪ ಹೊತ್ತಿಗೆ ಆಕೆಗೆ ಮೈಯೆಲ್ಲ ದದ್ದು, ಚಳಿನಡುಕ. ಡ್ರಿಪ್ ನಿಲ್ಲಿಸಿ, ತೊಡೆಗೆ ಆ ಸೂಜಿ ಹಾಕಿ, ಸುಧಾರಿಸಿದ ಮೇಲೆ ಮತ್ತೆ ಹರಿಯಬಿಟ್ಟರು. ಆರು ಗಂಟೆ ಬಿಟ್ಟು ಮತ್ತೆ ಟ್ಯೂಬು. ಈ ಸಲ ಬಾಗಿಸಿದಾಗ ರಕ್ತ ಗಟ್ಟಿಯಾಗಿ ತಳದಲ್ಲೇ ನಿಂತಿತ್ತು. ಆಕೆ ವಾರದೊಳಗೆ ಮನೆಗೆ ಬಂದಳು. ಡಯಾಲಿಸಿಸ್ ಬೇಕಾಗಲಿಲ್ಲ.

ಇಷ್ಟೇ ಆಗಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ.

ನನ್ನ ದೊಡ್ಡಪ್ಪನ ಮೊಮ್ಮಗನಿಗೆ ಸೌದೆ ರಾಶಿಯಲ್ಲಿ ನಾಗರಹಾವು ಕಚ್ಚಿತು. ಹತ್ತಿರದ ಆಸ್ಪತ್ರೆಗೆ ಅರ್ಧ ಗಂಟೆಯೊಳಗೆ ಸೇರಿಸಿದರು. ಕಪಾಟಿನಲ್ಲಿ ಮದ್ದು ಇತ್ತು, ಕಣ್ಣಿಗೆ ಕಾಣುವ ಹಾಗೆ. ಕರ್ತವ್ಯದ ಮೇಲಿದ್ದವರು ಅದನ್ನು ಮುಟ್ಟಲಿಲ್ಲ. ರಿಯಾಕ್ಷನ್ ಆದರೆ ಜವಾಬ್ದಾರಿ ಯಾರು, ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದು ಚೀಟಿ ಬರೆದು ಕಳಿಸಿದರು. ಊರಿನಿಂದ ಬರುವಾಗ ಮಾತಾಡುತ್ತಿದ್ದ ಹುಡುಗ ಅರ್ಧ ದಾರಿಯಲ್ಲಿ ತೊದಲಿದ, ಆಮೇಲೆ ಕತ್ತು ನಿಲ್ಲಲಿಲ್ಲ. ಶಿವಮೊಗ್ಗ ಮುಟ್ಟುವ ಮೊದಲೇ ಉಸಿರು ನಿಂತಿತು. ಆಂಬುಲೆನ್ಸಿನ ಹುಡುಗ ಕಡೆಯ ಅಷ್ಟೂ ದೂರ ರಬ್ಬರಿನ ಬ್ಯಾಗನ್ನು ಕೈಯಲ್ಲಿ ಒತ್ತಿ ಒತ್ತಿ ಉಸಿರು ಕೊಟ್ಟುಕೊಂಡು ಬಂದ. ಅವನಿಂದಾಗಿ ಇವನು ಬದುಕಿದ. ಯಂತ್ರದ ಮೇಲಿದ್ದು ಎದ್ದು ಬಂದ. ಆದರೆ ಮೊದಲ ಆಸ್ಪತ್ರೆಯಲ್ಲಿಯೇ ಹತ್ತು ವಯಲ್ ಹಾಕಿ, ಸ್ನಾಯುಗಳಿಗೆ ಬಲ ಕೊಡುವ ನಿಯೊಸ್ಟಿಗ್ಮಿನ್ ಕೊಟ್ಟು ಕಳಿಸಿದ್ದರೆ ದಾರಿಯಲ್ಲಿ ಅಷ್ಟು ಕಷ್ಟವಾಗುತ್ತಿರಲಿಲ್ಲವೆಂದು ಅವನನ್ನು ನೋಡಿಕೊಂಡ ವೈದ್ಯರೇ ಹೇಳಿದರು. ಪಂಡಿತರ ಕಾಲದಲ್ಲಿ ಹೊತ್ತು ಕಳೆದುಹೋಗುತ್ತಿದ್ದುದು ಹಳ್ಳದ ದಡದಲ್ಲಿ. ಈಗ ಮದ್ದಿನ ಕಪಾಟಿನ ಮುಂದೆ. ಭಯ ನನಗೆ ಅರ್ಥವಾಗುತ್ತದೆ. ಒಬ್ಬರೇ ಡಾಕ್ಟರು, ಹೊರಗೆ ನೆಂಟರ ಗುಂಪು, ಏನಾದರೂ ಆದರೆ ಕಲ್ಲು ಬೀಳುವ ಹೆದರಿಕೆ. ಆದರೂ ಇದಕ್ಕೆ ಮದ್ದು ಒಂದು ಅಡ್ರಿನಲಿನ್ ಸೂಜಿ ಮತ್ತು ಒಂದು ತರಬೇತಿ.

ಹಳ್ಳಿಯ ಡಾಕ್ಟರು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆರೆಯ ಕೊಂಕಣವೇ ಸಾಕ್ಷಿ. ಅದು ಹಾವಿನದಲ್ಲ, ಚೇಳಿನ ಕತೆ. ನಮ್ಮ ಕಾಡಿನ ದೊಡ್ಡ ಕರಿಚೇಳು ನೋಯಿಸುತ್ತದೆ, ಕೊಲ್ಲುವುದು ಅಪರೂಪ. ಆದರೆ ಕೊಂಕಣದಲ್ಲಿ, ನಮ್ಮ ಬಯಲುಸೀಮೆಯ ಕೆಲವು ಕಡೆಯೂ ಇರುವ ಕೆಂಚೇಳು ಮಕ್ಕಳ ಶ್ವಾಸಕೋಶದಲ್ಲಿ ನೀರು ತುಂಬಿಸಿ ಕೊಲ್ಲುತ್ತಿತ್ತು. ಮಹಾಡ್ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 1970ರ ದಶಕದಲ್ಲಿ ಬಂದ ಡಾ. ಹಿಮ್ಮತರಾವ್ ಬಾವಸ್ಕರ್ ರೋಗಿಗಳ ಪಕ್ಕದಲ್ಲಿಯೇ ರಾತ್ರಿ ಕುಳಿತು ನೋಡಿ ಬರೆದಿಟ್ಟರು. ರಕ್ತದೊತ್ತಡಕ್ಕೆ ಕೊಡುತ್ತಿದ್ದ ಪ್ರಾಜೊಸಿನ್ ಎಂಬ ಅಗ್ಗದ ಮಾತ್ರೆ ಈ ವಿಷದ ಹೊಡೆತವನ್ನು ತಡೆಯುತ್ತದೆಂದು ತೋರಿಸಿಕೊಟ್ಟರು. ಸಾಯುತ್ತಿದ್ದವರ ಪ್ರಮಾಣ ಶೇಕಡಾ 40ರ ಆಸುಪಾಸಿನಿಂದ ಕೆಲವೇ ಶೇಕಡಾಕ್ಕೆ ಇಳಿಯಿತು. ಅವರ ಬಳಿ ಇದ್ದದ್ದು ದೊಡ್ಡ ಆಸ್ಪತ್ರೆಯಲ್ಲ.

ಹಾವಿನ ಮದ್ದಿನದೂ ಮುಗಿದ ಕೆಲಸವಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕಕ್ಕೆ ಮಾತ್ರ ನಮ್ಮಲ್ಲಿ ಮದ್ದಿದೆ. ನಮ್ಮ ತೋಟಗಳಲ್ಲಿ ತರಗಿನ ಬಣ್ಣದ್ದೇ ಒಂದು ಪುಟ್ಟ ಗುಳಿಮಂಡಲವಿದೆ, ಮೂಗಿನ ತುದಿ ಮೇಲಕ್ಕೆತ್ತಿದಂಥದ್ದು. ಅದು ಕಚ್ಚಿದರೆ ಈ ಮದ್ದು ನಾಟುವುದಿಲ್ಲ, ರಕ್ತ ಎಷ್ಟೋ ದಿನ ಹೆಪ್ಪುಗಟ್ಟದೆ ಉಳಿಯಬಹುದು, ಕೆಲವರಿಗೆ ಮೂತ್ರಪಿಂಡಕ್ಕೂ ಹೊಡೆತ ಬೀಳುತ್ತದೆ. ಒಂದೇ ಜಾತಿಯ ಹಾವಿನ ವಿಷವೂ ಸೀಮೆಯಿಂದ ಸೀಮೆಗೆ ಬೇರೆಯಾಗುತ್ತದೆಂದು, ಒಂದೆಡೆಯ ವಿಷದಿಂದ ಮಾಡಿದ ಮದ್ದು ಇನ್ನೊಂದೆಡೆ ಸಾಕಾಗದಿರಬಹುದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಮತ್ತು ಅವರ ತಂಡ ತೋರಿಸಿದ್ದಾರೆ.

2000ದಿಂದ 2019ರವರೆಗೆ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು 2020ರ ಅಧ್ಯಯನವೊಂದು ಅಂದಾಜು ಮಾಡಿತು. ವರ್ಷಕ್ಕೆ 58 ಸಾವಿರ. ಆಸ್ಪತ್ರೆಗಳ ಲೆಕ್ಕಕ್ಕೆ ಬರುತ್ತಿದ್ದುದು ಇದರ ಒಂದು ಸಣ್ಣ ಪಾಲು, ಏಕೆಂದರೆ ಹೆಚ್ಚಿನವರು ಸತ್ತದ್ದು ಆಸ್ಪತ್ರೆಯ ಹೊರಗೆ. ನಮ್ಮ ಪಕ್ಕದ ಮನೆಯ ಹುಡುಗಿ ಯಾವ ಪುಸ್ತಕದಲ್ಲೂ ನಮೂದಾಗಿರಲಾರಳು. 2024ರಲ್ಲಿ ಕರ್ನಾಟಕ ಸರಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಖಾಸಗಿ ಆಸ್ಪತ್ರೆಯೂ ಹೇಳಲೇಬೇಕು. ಕಾಗದದ ಕೆಲಸವೆಂದು ಇದನ್ನು ಕಡೆಗಣಿಸಬಾರದು. ಯಾವ ಹೋಬಳಿಯಲ್ಲಿ ಎಷ್ಟು ಕಡಿತ ಎಂದು ಗೊತ್ತಾದರೆ ತಾನೇ ಎಲ್ಲಿ ಎಷ್ಟು ವಯಲ್ ಇಡಬೇಕೆಂದು ತಿಳಿಯುವುದು.

ಪಂಡಿತರ ಮಗ ಈಗ ವಿದ್ಯೆ ನಡೆಸುವುದಿಲ್ಲ. ಯಾರಾದರೂ ಹಳೆಯ ನೆನಪಿನಲ್ಲಿ ಬಂದರೆ ತಮ್ಮ ಓಮ್ನಿಯಲ್ಲಿಯೇ ಕೂರಿಸಿಕೊಂಡು ಆಸ್ಪತ್ರೆಗೆ ಬಿಡುತ್ತಾರೆ. ಅಪ್ಪನ ಹಾಗೆಯೇ, ಪೆಟ್ರೋಲಿನ ದುಡ್ಡನ್ನೂ ಮುಟ್ಟುವುದಿಲ್ಲ.

ನೆಲದ ಮೇಲೆ ಮಲಗುವವರು ನಮ್ಮ ಮನೆಗಳಲ್ಲಿ ಈಗ ಯಾರೂ ಇಲ್ಲ. ಇರುವುದು ತೋಟದ ಶೆಡ್ಡುಗಳಲ್ಲಿ: ಕೊಯ್ಲಿಗೆಂದು ಉತ್ತರ ಕರ್ನಾಟಕದಿಂದ, ಅಸ್ಸಾಮು, ಜಾರ್ಖಂಡಿನಿಂದ ಬಂದು, ಅಡಿಕೆಯ ಚೀಲಗಳ ಪಕ್ಕದಲ್ಲಿ ಟಾರ್ಪಾಲು ಹಾಸಿಕೊಂಡು ಮಕ್ಕಳೊಂದಿಗೆ ಮಲಗುವವರು. ಅಡಿಕೆಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಆಸ್ಪತ್ರೆ ಯಾವ ದಿಕ್ಕಿಗಿದೆಯೆಂದು ಅವರಿಗೆ ಗೊತ್ತಿಲ್ಲ. ಬೆಳಗಿನ ಹೊಟ್ಟೆನೋವನ್ನು ಹೇಳಿಕೊಳ್ಳಲು ಎಷ್ಟೋ ಜನರಿಗೆ ಕನ್ನಡ ಬರುವುದಿಲ್ಲ. ಈ ಸಲ ನಮ್ಮ ಶೆಡ್ಡಿಗೆ ಮಂಚ ಮಾಡಿಸಿದ್ದೇವೆ, ಹಾಸಿಗೆಯಡಿಗೆ ಸಿಕ್ಕಿಸಿಕೊಳ್ಳುವಂಥ ಸೊಳ್ಳೆಪರದೆ ಕೊಟ್ಟಿದ್ದೇವೆ, 108 ಮತ್ತು ನಮ್ಮ ನಂಬರನ್ನು ಹಿಂದಿಯಲ್ಲಿಯೂ ಬರೆಸಿ ಬಾಗಿಲಿಗೆ ಅಂಟಿಸಿದ್ದೇವೆ. ಅಡಿಕೆ ಸೊಸೈಟಿಯ ಸಭೆಯಲ್ಲಿ ಇದನ್ನು ಎಲ್ಲ ಬೆಳೆಗಾರರೂ ಮಾಡಬೇಕೆಂದು ಕೇಳಿದೆ. ಮುಂದಿನ ಸಭೆಗೆ ಇಡೋಣ ಎಂದರು. ಕೊಯ್ಲು ಅದಕ್ಕೂ ಮೊದಲೇ ಶುರುವಾಗುತ್ತದೆ.